ಇಂಚಿ: ಹಲವು ವರ್ಷ ಬಳಸಿದ ಮೇಲೆ

ಬೇರೆ ಬೇರೆ ದೇಶಗಳ ಲ್ಯಾಬ್‌ಗಳಿಂದ ಬರುವ ರಸಾಯನಶಾಸ್ತ್ರದ ಡೇಟಾವನ್ನು ಒಂದೆಡೆ ಸೇರಿಸುವುದು ನನ್ನ ಕೆಲಸ. ಒಂದೇ ಸಂಯುಕ್ತಕ್ಕೆ ಒಬ್ಬರು ಮಾರುಕಟ್ಟೆಯ ಹೆಸರು ಬರೆದಿರುತ್ತಾರೆ, ಇನ್ನೊಬ್ಬರು ಹಳೇ ರೂಢಿಯ ಹೆಸರು, ಮತ್ತೊಬ್ಬರು ಬರೀ ತಮ್ಮ ಲ್ಯಾಬಿನ ಕೋಡ್. ಇವನ್ನೆಲ್ಲ ಹೊಂದಿಸಲು ನಾನು ನೆಚ್ಚಿಕೊಂಡಿರುವುದು ಇಂಚಿಯನ್ನು.

ಇಂಚಿ (InChI) ಅಂದರೆ ಅಣುವಿನ ರಚನೆಯಿಂದಲೇ ಹುಟ್ಟುವ, ಅಕ್ಷರ-ಅಂಕಿಗಳ ಒಂದು ಸಾಲು. ಯಾವ ಪರಮಾಣುಗಳಿವೆ, ಯಾವುದು ಯಾವುದಕ್ಕೆ ಸೇರಿದೆ, ಹೈಡ್ರೋಜನ್ ಎಲ್ಲಿದೆ ಎಂಬುದೆಲ್ಲ ಅದರಲ್ಲಿ ಪದರ ಪದರವಾಗಿ ಇರುತ್ತದೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪ್ಯಾಕ್ ಮತ್ತು ಅಮೆರಿಕದ ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ ಸೇರಿ ಇದನ್ನು 2005ರಲ್ಲಿ ಹೊರತಂದವು. ಸಂಯುಕ್ತಗಳನ್ನು ಗುರುತಿಸಲು ಬಳಸುವ ಇನ್ನೊಂದು ಗುರುತಾದ ಸಿಎಎಸ್ ನಂಬರನ್ನು ಒಂದು ಸಂಸ್ಥೆ ಕೊಡಬೇಕು. ಇಂಚಿಗೆ ಯಾರನ್ನೂ ಕೇಳಬೇಕಿಲ್ಲ. ನಿನ್ನೆ ತಾನೇ ತಯಾರಿಸಿದ ಅಣುವಿಗೂ ನಾವೇ ಬರೆದುಕೊಳ್ಳಬಹುದು. ಬೇರೆ ದೇಶದಲ್ಲಿ ಅದನ್ನೇ ತಯಾರಿಸಿದವರಿಗೂ ಅದೇ ಸಾಲು ಬರಬೇಕು ಅಲ್ವಾ? ಅದಕ್ಕಾಗಿಯೇ 2009ರಲ್ಲಿ ಸಾಲು ತಯಾರಿಸುವಾಗಿನ ಆಯ್ಕೆಗಳನ್ನೆಲ್ಲ ಒಂದೇ ರೀತಿ ಗೊತ್ತುಮಾಡಿ ಸ್ಟ್ಯಾಂಡರ್ಡ್ ಇಂಚಿ ತಂದರು.

ದಿನನಿತ್ಯ ನನಗೆ ಜಾಸ್ತಿ ನೆರವಾಗುವುದು ಇಂಚಿಕೀ. ಇಂಚಿಯಿಂದ ಲೆಕ್ಕ ಹಾಕಿ ತೆಗೆದ, ಅಡ್ಡಗೆರೆಗಳೂ ಸೇರಿ 27 ಅಕ್ಷರಗಳ ಗುರುತು ಇದು. ಮೊದಲ 14 ಅಕ್ಷರಗಳಲ್ಲಿ ಅಣುವಿನ ಮೂಲ ಜೋಡಣೆ ಇದೆ. ಹಾಗಾಗಿ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎಲ್-ಅಲನೈನ್ ಮತ್ತು ಡಿ-ಅಲನೈನ್ ಎರಡಕ್ಕೂ ಆ 14 ಒಂದೇ. ಅಷ್ಟನ್ನೇ ಹಾಕಿ ಹುಡುಕಿದರೆ ಎಡ-ಬಲ ರೂಪಗಳೆಲ್ಲ ಒಟ್ಟಿಗೆ ಸಿಗುತ್ತವೆ. ಒಂದು ತಂಡದವರು ರೂಪ ಯಾವುದೆಂದು ಹೇಳದೆ ಸುಮ್ನೆ ‘ಅಲನೈನ್’ ಎಂದು ಕಳಿಸಿದ್ದರೂ ಹತ್ತಿರದ ದಾಖಲೆಗಳು ಕಣ್ಣಿಗೆ ಬೀಳುತ್ತವೆ. ಆದರೆ ಕೀಯಿಂದ ರಚನೆಯನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಅದಕ್ಕೆ ಪಬ್‌ಕೆಮ್‌ನಂಥ ಸಂಯುಕ್ತಗಳ ಡೇಟಾಬೇಸ್‌ನಲ್ಲಿ ಹುಡುಕಬೇಕು, ಹೊಸ ಅಣು ಅಲ್ಲಿ ಇರುವುದೇ ಇಲ್ಲ. ಕೀ ಜೊತೆ ಪೂರ್ತಿ ಇಂಚಿಯನ್ನೂ ಇಟ್ಟುಕೊಳ್ಳಿ.

ಕೊರತೆಗಳೂ ಇವೆ, ಚಿಕ್ಕವಲ್ಲ. ಸ್ಟ್ಯಾಂಡರ್ಡ್ ಇಂಚಿ ಲೋಹದ ಬಂಧಗಳನ್ನು ಕಡಿದುಹಾಕುತ್ತದೆ. ಇದರಿಂದ, ಪ್ಲಾಟಿನಂ ಸುತ್ತ ಅವೇ ಭಾಗಗಳು ಬೇರೆ ಬೇರೆ ರೀತಿ ಕೂತಿರುವ ಸಿಸ್‌ಪ್ಲಾಟಿನ್‌ಗೂ ಟ್ರಾನ್ಸ್‌ಪ್ಲಾಟಿನ್‌ಗೂ ಒಂದೇ ಸಾಲು! ಒಂದು ಕ್ಯಾನ್ಸರ್‌ಗೆ ಕೊಡುವ ಔಷಧ, ಇನ್ನೊಂದು ಆ ಕೆಲಸಕ್ಕೆ ಬಾರದ್ದು. ಇವೆರಡರ ಡೇಟಾ ಬೆರೆತುಹೋದರೆ ಮುಂದೆ ಅದನ್ನು ನಂಬಿ ಲೆಕ್ಕ ಹಾಕುವವರ ಗತಿ ಏನು? ಅಸಿಟೈಲ್‌ಅಸಿಟೋನ್‌ನಲ್ಲಿ ತೊಂದರೆ ತಿರುಗುಮುರುಗು. ಒಂದರಿಂದೊಂದಕ್ಕೆ ಬದಲಾಗುತ್ತಲೇ ಇರುವ ಅದರ ಕೀಟೋ ರೂಪ, ಈನಾಲ್ ರೂಪ ಬಾಟಲಿಯಲ್ಲಿ ಒಟ್ಟಿಗೇ ಇದ್ದರೂ ಸಾಲು ಬೇರೆ ಬೇರೆ.

ಇಷ್ಟಾದರೂ ನಾನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಇದು ಒಬ್ಬರ ಸ್ವತ್ತಲ್ಲ. ಜರ್ಮನಿಯ ಆಖೆನ್‌ನ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ತಂಡ ಈಗ ಇಂಚಿ ಸಾಫ್ಟ್‌ವೇರಿನ ಅಭಿವೃದ್ಧಿಯಲ್ಲಿ ಕೈಜೋಡಿಸಿದೆ. 2024ರ 1.07 ಆವೃತ್ತಿ, ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಲೈಸೆನ್ಸ್‌ನಲ್ಲಿ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿದೆ. ಬಗ್ ಕಂಡರೆ ಯಾರು ಬೇಕಾದರೂ ಅಲ್ಲಿ ಬರೆದು ತಿಳಿಸಬಹುದು.

ಸಾವಯವ ಅಣುಗಳ ಕೆಲಸ ಮಾಡುವವರು ಕಣ್ಣುಮುಚ್ಚಿ ಶುರುಮಾಡಿ. ಲೋಹ ಸಂಕೀರ್ಣಗಳ ಕೆಲಸವಿದ್ದರೆ ಇಂಚಿ ಜೊತೆಗೆ ರಚನೆ ಬರೆದ ಮೋಲ್‌ಫೈಲ್ ಅನ್ನೂ ತಪ್ಪದೆ ಕಳಿಸಿ. ಹರಳಿನ ರಚನೆ ಸಿಕ್ಕಿದ್ದರೆ ಅದನ್ನು ದಾಖಲಿಸುವ ಸಿಐಎಫ್ ಫೈಲನ್ನೂ ಸೇರಿಸಿ.