ಹಡಿಲು ಗದ್ದೆಗೆ ಒಂದೇ ಸಲ ರೋಟವೇಟರ್ ಹೊಡೆಸಿ ನೇಪಿಯರ್ ನೆಡಬೇಡಿ

ಹಡಿಲು ಬಿದ್ದ, ಅಂದರೆ ಬೇಸಾಯವಿಲ್ಲದೆ ಪಾಳುಬಿದ್ದ ಗದ್ದೆಯಲ್ಲಿ ಹಸಿರು ಮೇವು ಬೆಳೆಯಲು ಹೊರಟ ಉಡುಪಿ, ಮಂಗಳೂರು ಕಡೆಯ ಹೈನುಗಾರರು ದಯವಿಟ್ಟು ಇದನ್ನು ಓದಿ. ಉಡುಪಿ ಸಮೀಪದ ಮಜಲು ಗದ್ದೆಯೊಂದರಲ್ಲಿ (ಬೈಲಿಗಿಂತ ತುಸು ಎತ್ತರದ ಗದ್ದೆ) ಸಿಒ-4 ತಳಿಯ ನೇಪಿಯರ್ ಮೇವಿನ ಹುಲ್ಲು ಒಂದೇ ಮಳೆಗಾಲದಲ್ಲಿ ಕೈಕೊಟ್ಟಿತು. ಕಡ್ಡಿಯ ದುಡ್ಡು, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ ಎಲ್ಲ ಮಣ್ಣುಪಾಲು.

ಮೇ ಕೊನೆಯ ಪತ್ತನಾಜೆ ಹೊತ್ತಿನ ಮಳೆಗೆ ಒಂದು ಸಲ, ಟ್ರ್ಯಾಕ್ಟರ್‌ಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಿ, ಹಟ್ಟಿಯ ಹಸಿ ಗೊಬ್ಬರ ಹರಡಿ, ಮರುದಿನವೇ ಕಡ್ಡಿ ಊರಿದ್ದರು. ಗದ್ದೆ ತುಂಬ ಕೊನ್ನಾರಿ ಎಂಬ ಗಡ್ಡೆಯ ಕಳೆ. ಅದರ ಗಡ್ಡೆಗಳು ನೆಲದೊಳಗೆ ದಾರದಂಥ ಎಳೆಯಲ್ಲಿ ಪೋಣಿಸಿಕೊಂಡಿರುತ್ತವೆ. ಒಂದು ಚಿಗುರಿದರೆ ಉಳಿದವು ಹೆಚ್ಚಾಗಿ ಸುಮ್ಮನಿರುತ್ತವೆ. ರೋಟವೇಟರ್ ಆ ಎಳೆ ಕತ್ತರಿಸಿದ ಮೇಲೆ ಒಂದೊಂದೂ ಬೇರೆ ಬೇರೆಯಾಗಿ ಚಿಗುರುತ್ತದೆ. ಕಡ್ಡಿ ಕಣ್ಣೊಡೆಯುವ ಮೊದಲೇ ಗದ್ದೆ ಕೊನ್ನಾರಿಯ ಪಾಲಾಯಿತು. ಕೈಯಲ್ಲಿ ಕಿತ್ತರೆ ಎಲೆ ಮಾತ್ರ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಹಸಿ ಗೊಬ್ಬರದ ಜೊತೆ ಬಂದ ಕಳೆಬೀಜ ಬೇರೆ.

ಜೂನ್ ತಿಂಗಳ ಜಡಿಮಳೆಗೆ ನೀರು ನಿಂತಿತು. ಕಡ್ಡಿ ಎತ್ತಿ ನೋಡಿದರೆ ಮಣ್ಣೊಳಗಿನ ಗಿಣ್ಣು ಕಪ್ಪಾಗಿತ್ತು, ಉಗುರು ಒತ್ತಿದರೆ ಒಳಗಿಳಿಯುತ್ತಿತ್ತು. ಕೊನೆಗೆ ಅಂಗಡಿಯವರ ಮಾತು ಕೇಳಿ 2,4-ಡಿ ಎಂಬ ಕಳೆನಾಶಕ ಹೊಡೆದರು. ಅಗಲ ಎಲೆಯ ಕಳೆ ಸತ್ತಿತು, ಸಾಲಿನ ನಡುವೆ ಬಿತ್ತಿದ್ದ ಅಲಸಂಡೆಯೂ ಸತ್ತಿತು. ಗರಿಕೆಗೆ ಏನೂ ಆಗಲಿಲ್ಲ. ಕೊನ್ನಾರಿ ಮೇಲೆ ಬಾಡಿ ಬುಡದಿಂದ ಮತ್ತೆ ಬಂತು. ಗಾಳಿಗೆ ತೇಲಿದ ಹನಿ ಪಕ್ಕದವರ ಬೆಂಡೆಯ ಎಲೆ ಮುರುಟಿಸಿತು. ಈ ಔಷಧಿಯಿಂದ ನೆರೆಹೊರೆ ಕೆಡುವುದೇ ಹೆಚ್ಚು.

ಕೆಲಸ ಶುರುವಾಗಬೇಕಾದ್ದು ಮಾರ್ಚ್‌ನಲ್ಲಿ. ಗದ್ದೆ ಒಣಗಿರುವಾಗ ಕಲ್ಟಿವೇಟರ್‌ನಿಂದ ಆಳಕ್ಕೆ ಉತ್ತು ಗಡ್ಡೆಗಳನ್ನು ಮೇಲೆ ತನ್ನಿ, ಎರಡು ವಾರ ಬಿಸಿಲು ತಾಗಲಿ. ಒಳಗೆ ಪೂರ್ತಿ ಒಣಗಿದ ಗಡ್ಡೆ ಮತ್ತೆ ಚಿಗುರುವುದಿಲ್ಲ. ಆಮೇಲೆ ನೀರು ಕೊಟ್ಟು ಕಳೆ ಹುಟ್ಟಲು ಬಿಡಿ, ಎಳೆಯದಿರುವಾಗಲೇ ಮೇಲೆ ಮೇಲೆ ಎರಡು ಇಂಚು ಕೆರೆದು ಹಾಕಿ. ಇದನ್ನು ಎರಡು ಮೂರು ಸಲ ಮಾಡಬೇಕು, ನಡುವೆ ಹದಿನೈದು ಇಪ್ಪತ್ತು ದಿನ ಅಂತರ ಸಾಕು. ಅದಕ್ಕಿಂತ ತಡವಾದರೆ ಕೊನ್ನಾರಿ ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಕೊನೆಯ ಸಲ ಖಂಡಿತ ಆಳಕ್ಕೆ ಉಳಬೇಡಿ, ಕೆಳಗಿನ ಬೀಜ ಮೇಲೆ ಬಂದು ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ.

ನೀರಾವರಿ ಇದ್ದರೆ ಮೇ ಮೊದಲ ವಾರದೊಳಗೆ ನೆಡಿ, ಜಡಿಮಳೆಗೆ ಮೊದಲು ಬೇರು ಹಿಡಿಯುತ್ತದೆ. ಇಲ್ಲದಿದ್ದರೆ ಆಟಿ ತಿಂಗಳು ಕಳೆದು ಸೋಣದವರೆಗೆ (ಆಗಸ್ಟ್ ಮಧ್ಯದವರೆಗೆ) ಕಾಯಿರಿ. ಮೂರು ತಿಂಗಳು ಬಲಿತ ಕಾಂಡದ ಎರಡು ಗಿಣ್ಣಿನ ತುಂಡು ಆರಿಸಿ, ಒಂದು ಗಿಣ್ಣು ಮಣ್ಣೊಳಗೆ ಇರುವಂತೆ ಓರೆಯಾಗಿ ಊರಿ. ಸಾಲಿಗೆ ಮೂರಡಿ, ಗಿಡಕ್ಕೆ ಎರಡಡಿ ಅಂತರ, ಎಕರೆಗೆ ಸುಮಾರು 7,250 ಕಡ್ಡಿ ಬೇಕು. ಸಾಲು ಏರಿಯ ಮೇಲಿರಲಿ, ನಡುವೆ ನೀರು ಹರಿದುಹೋಗಲು ಕಣಿ ತೋಡಿ. ಚೆನ್ನಾಗಿ ಕಳಿತ ಗೊಬ್ಬರವನ್ನು ಬುಡಕ್ಕಷ್ಟೇ ಹಾಕಿ. ಹದಿನೈದು ದಿನಕ್ಕೆ ಸತ್ತ ಕಡ್ಡಿಯ ಜಾಗ ತುಂಬಿಸಿ, ಬಿಟ್ಟ ಜಾಗಕ್ಕೆ ಮೊದಲು ನುಗ್ಗುವುದೇ ಕಳೆ. ಇಪ್ಪತ್ತು ದಿನದೊಳಗೆ ಒಮ್ಮೆ, ನಲವತ್ತರ ಹೊತ್ತಿಗೆ ಇನ್ನೊಮ್ಮೆ ಕಳೆ ತೆಗೆಯಬೇಕು.

ಕೊನ್ನಾರಿಗೆ ನೆರಳು ಆಗದು, ನೇಪಿಯರ್ ಎಲೆ ಕೂಡಿಕೊಂಡರೆ ಅದು ಸೊರಗುತ್ತದೆ. ಹಾಗಾಗಿ ಮೇವಿನ ಅವಸರ ಎಷ್ಟೇ ಇದ್ದರೂ ಎಪ್ಪತ್ತೈದು ದಿನದೊಳಗೆ ಮೊದಲ ಕೊಯ್ಲು ಬೇಡ. ವರ್ಷವಿಡೀ ನೀರು ನಿಲ್ಲುವ ತಗ್ಗಿನ ಬೈಲು ಗದ್ದೆಗೆ ನೇಪಿಯರ್ ಹೊಂದುವುದೇ ಇಲ್ಲ. ಅಲ್ಲಿಗೆ ಪ್ಯಾರಾ ಹುಲ್ಲು ಹಾಕಿ.