ಜಾರ್ಜಿಯಾದ ಎರಡನೇ ಸುತ್ತಿಗೆ ಅಂಚೆ ಮತಪತ್ರ: ನಮ್ಮ ಕೌಂಟಿಯ ಸೇವೆ ಹೇಗಿತ್ತು?

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಪಡೆಯಬೇಕು. 2022ರ ನವೆಂಬರ್ 8ರಂದು ಸೆನೆಟ್ ಸ್ಥಾನಕ್ಕೆ ಯಾರಿಗೂ ಅಷ್ಟು ಬರಲಿಲ್ಲ. ರಫೇಲ್ ವಾರ್ನಾಕ್ ಮತ್ತು ಹರ್ಷೆಲ್ ವಾಕರ್ ನಡುವೆ ಡಿಸೆಂಬರ್ 6ಕ್ಕೆ ಮತ್ತೆ ಮತದಾನ ನಿಗದಿಯಾಯಿತು. ನಾನು ನರ್ಸ್. ಎರಡೂ ಮಂಗಳವಾರ ಹನ್ನೆರಡು ಗಂಟೆಯ ಪಾಳಿ ಇದ್ದುದರಿಂದ ಅಂಚೆ ಮತಪತ್ರವನ್ನೇ ನೆಚ್ಚಿಕೊಂಡೆ. ಕೌಂಟಿ (ಇಲ್ಲಿನ ಜಿಲ್ಲೆ) ಚುನಾವಣಾ ಕಚೇರಿಗೆ ನವೆಂಬರ್‌ನ ಸೇವೆಗಾದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಡಿಸೆಂಬರ್‌ಗೆ ಮೂರು. ಆ ಮೂರರಲ್ಲೂ ಒಂದು ಅಲ್ಲಿನ ಕೌಂಟರ್‌ನಲ್ಲಿದ್ದ ಹೆಂಗಸಿನದು.

ಒಂದೇ ಮನೆಯಲ್ಲಿ ಎರಡು ಬಗೆ ನಡೆಯಿತು. ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ವರ್ಷದ ಮೊದಲ ಅರ್ಜಿಯಲ್ಲೇ ಹಿರಿಯರೆಂದು ಗುರುತು ಹಾಕಿದ್ದರು. 65 ದಾಟಿದವರಿಗೆ, ಅಂಗವಿಕಲರಿಗೆ, ಸೇನೆಯಲ್ಲಿರುವವರಿಗೆ ಆ ಒಂದು ಅರ್ಜಿ ವರ್ಷದ ಚುನಾವಣೆಗಳಿಗೆಲ್ಲ ಸಾಕು, ಎರಡನೇ ಸುತ್ತೂ ಸೇರಿ. ಅವರ ಲಕೋಟೆ ಕೇಳದೆಯೇ ಬಂತು. ನನ್ನಂಥವರು ಮಾತ್ರ ಹೊಸದಾಗಿ ಅರ್ಜಿ ಹಾಕಬೇಕು. ಜಾಲತಾಣದಲ್ಲಿ ಫಾರಂ ತುಂಬಿ, ಮುದ್ರಿಸಿ, ಪೆನ್ನಿನಿಂದ ಸಹಿ ಮಾಡಿ, ಮತ್ತೆ ಅದರ ಚಿತ್ರ ತೆಗೆದು ಏರಿಸಬೇಕು. ಚಾಲನಾ ಪರವಾನಗಿಯ ಸಂಖ್ಯೆ ಕೊಟ್ಟ ಮೇಲೂ ಶಾಯಿಯ ಸಹಿ ಏಕೆ ಬೇಕು? ಮುದ್ರಣಯಂತ್ರವಿಲ್ಲದ ಮನೆಯವರ ಪಾಡೇನು? ನವೆಂಬರ್‌ನಲ್ಲಿ ಕೇಳಿದವರಿಗೆಲ್ಲ ಎರಡನೇ ಸುತ್ತಿನದನ್ನೂ ತಾನಾಗಿ ಕಳುಹಿಸಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಕಚೇರಿಯವರನ್ನಷ್ಟೇ ದೂರುವುದು ಸರಿಯಲ್ಲ. 2021ರ ಜನವರಿ 5ರ ಎರಡನೇ ಸುತ್ತಿಗೆ ಮೊದಲ ಮತದಾನದ ನಂತರ ಒಂಬತ್ತು ವಾರ ಸಿಕ್ಕಿತ್ತು. ಅದೇ ವರ್ಷದ ಹೊಸ ಕಾನೂನು ಅದನ್ನು ನಾಲ್ಕು ವಾರಕ್ಕೆ ಇಳಿಸಿತು. ಮೊದಲ ಸುತ್ತಿನ ಫಲಿತಾಂಶ ಪ್ರಮಾಣೀಕರಿಸಿ, ಹೊಸ ಮತಪತ್ರ ಅಚ್ಚು ಹಾಕಿಸಿ, ಅಂಚೆಗೆ ಹಾಕುವಷ್ಟರಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ. ನನ್ನ ಲಕೋಟೆ ರಜೆ ಕಳೆದು, ಮುಂಗಡ ಮತದಾನ ಮುಗಿಯುವ ಹೊತ್ತಿಗೆ ಕೈಗೆ ಬಂತು. ಅರ್ಜಿ ಸ್ವೀಕರಿಸುವ ಕೊನೆಯ ದಿನವೇ ನವೆಂಬರ್ 28. ಅಂದು ಅರ್ಜಿ ಹಾಕಿದವರಿಗೆ ಅಂಚೆ ಹೋಗಿ ಬರಲು ಎಂಟೇ ದಿನ! ಮತಪತ್ರ ಚುನಾವಣೆಯ ದಿನ ಸಂಜೆ ಏಳರೊಳಗೆ ಕಚೇರಿ ತಲುಪಬೇಕು. ಅಂಚೆ ಮುದ್ರೆಯ ದಿನಾಂಕ ಲೆಕ್ಕಕ್ಕಿಲ್ಲ.

ತುಂಬಿದ ಮತಪತ್ರ ಹಾಕುವ ಡ್ರಾಪ್ ಬಾಕ್ಸ್ ನಂಬಿ ಕೂರಬೇಡಿ. ಅದು ಮುಂಗಡ ಮತದಾನ ಕೇಂದ್ರದ ಒಳಗೆ, ಕೇಂದ್ರ ತೆರೆದಿರುವಾಗ ಮಾತ್ರ ಸಿಗುತ್ತದೆ. ಶುಕ್ರವಾರ ಮುಂಗಡ ಮತದಾನ ಮುಗಿದೊಡನೆ ಅದೂ ಮುಚ್ಚಿತು, ಜನರಿಗೆ ಅದು ಅತ್ಯಗತ್ಯವಾಗಿದ್ದ ದಿನಗಳಲ್ಲೇ. ಸೋಮವಾರ ಪಾಳಿಗೆ ಮುನ್ನ ನನ್ನದನ್ನೂ ಅತ್ತೆಯವರದನ್ನೂ ಕಚೇರಿಗೇ ಒಯ್ದೆ. ಒಂದೇ ಮನೆಯವರು ತಂದುಕೊಡಲು ಕಾನೂನು ಬಿಡುತ್ತದೆ. ಕೌಂಟರ್‌ನಲ್ಲಿದ್ದಾಕೆ ಅತ್ತೆಯವರ ಲಕೋಟೆ ತಿರುಗಿಸಿ ನೋಡಿ, "ಹುಟ್ಟಿದ ದಿನಾಂಕ ಬರೆದಿಲ್ಲ, ಅವರಿಂದಲೇ ತುಂಬಿಸಿ ತನ್ನಿ" ಎಂದರು. ಅತ್ತೆಯವರು ಕಾರಿನಲ್ಲೇ ಇದ್ದರು, ಕೆಲಸ ಅಲ್ಲೇ ಆಯಿತು. ಆಕೆ ನೋಡದಿದ್ದರೆ ಸರಿಪಡಿಸಲು ಚುನಾವಣೆಯ ನಂತರ ಮೂರು ದಿನದೊಳಗೆ ಓಡಾಡಬೇಕಿತ್ತು. ಇಂಥ ನೌಕರರಿಗೆ ಎಷ್ಟು ಸಂಬಳ ಕೊಟ್ಟರೂ ಕಡಿಮೆಯೇ.

ಮತಪತ್ರದ ಜಾಡು ತೋರಿಸುವ ಬ್ಯಾಲಟ್‌ಟ್ರ್ಯಾಕ್ಸ್ ಸೇವೆಗೆ ಮೊಬೈಲ್ ಸಂಖ್ಯೆ ಕೊಟ್ಟಿಡಿ. ಸ್ವೀಕೃತವಾಯಿತೆಂಬ ಸಂದೇಶ ನನಗೆ ಪಾಳಿಯ ನಡುವೆಯೇ ಬಂತು.

ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ನೌಕಾಪಡೆಯಲ್ಲಿರುವ ನಮ್ಮ ಭಾವನ ಮಗನಿಗೆ ಸಿಕ್ಕ ಸೌಲಭ್ಯ. ನವೆಂಬರ್‌ನ ಮತಪತ್ರದ ಜೊತೆಗೇ ಇನ್ನೊಂದು ಹಾಳೆ ಇತ್ತು. ಅದರಲ್ಲಿ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಟ್ಟು ಕಳುಹಿಸಿದ. ಎರಡನೇ ಸುತ್ತು ಬಂದಾಗ ಉಳಿದ ಇಬ್ಬರಲ್ಲಿ ಅವನು ಯಾರನ್ನು ಮೇಲೆ ಇಟ್ಟಿದ್ದನೋ ಅವರಿಗೆ ಮತ ಸೇರುತ್ತದೆ. ಫೆಡರಲ್ ಚುನಾವಣೆಗೆ 45 ದಿನ ಮೊದಲೇ ಸೈನಿಕರಿಗೆ ಮತಪತ್ರ ಕಳುಹಿಸಬೇಕೆಂಬ ನಿಯಮವನ್ನು ನಾಲ್ಕು ವಾರದಲ್ಲಿ ಪಾಲಿಸಲಾಗದು, ಅದಕ್ಕೇ ಈ ಏರ್ಪಾಡು. ಪಾಳಿಯಲ್ಲಿ ದುಡಿಯುವ ನಮಗೂ ಅಂಥದೊಂದು ಹಾಳೆ ಕೊಡಿ ಎಂದು ಕಚೇರಿಯ ಅಭಿಪ್ರಾಯ ಪತ್ರದಲ್ಲಿ ಬರೆದಿದ್ದೇನೆ.