ಹದಿಹರೆಯದವರಿಗೆ ಮನೆಯ ಬಿಪಿ ಯಂತ್ರ: ಪರದೆ ನೋಡಬೇಡಿ, ಕಫ್ ನೋಡಿ

ತೂಕ ಹೆಚ್ಚಿರುವ ಹದಿಹರೆಯದವರಿಗೆಂದು ಬಿಪಿ ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಪರದೆ ಎಷ್ಟು ದೊಡ್ಡದು, ಬ್ಲೂಟೂತ್ ಇದೆಯೇ, ಎಷ್ಟು ರೀಡಿಂಗ್ ನೆನಪಿಟ್ಟುಕೊಳ್ಳುತ್ತದೆ ಎಂದು. ಇವು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಯಂತ್ರದ ಯೋಗ್ಯತೆ ಇರುವುದು ತೋಳಿಗೆ ಸುತ್ತುವ ಕಫ್‌ನಲ್ಲಿ. ಇಲ್ಲಿ ತೂಗಿ ನೋಡಿರುವುದು ಮೇಲ್ತೋಳಿಗೆ ಕಟ್ಟುವ ಸ್ವಯಂಚಾಲಿತ ಯಂತ್ರಗಳನ್ನು ಮಾತ್ರ. ಮಣಿಕಟ್ಟಿನ ಯಂತ್ರ, ಕಫ್ ಇಲ್ಲದೆಯೇ ಬಿಪಿ ಹೇಳುವ ಸ್ಮಾರ್ಟ್‌ವಾಚ್ ಎರಡನ್ನೂ ಬಿಟ್ಟಿದ್ದೇವೆ; ಈ ವಯಸ್ಸಿನವರಲ್ಲಿ ಅವುಗಳ ಅಂಕಿ ನಂಬಿ ನಿರ್ಧಾರ ತೆಗೆದುಕೊಳ್ಳುವಂತಿಲ್ಲ.

ಮೊದಲು ಬೇಕಿರುವುದು ದರ್ಜಿಯ ಟೇಪು. ಭುಜದ ತುದಿಯ ಮೂಳೆಯಿಂದ ಮೊಣಕೈ ಮೂಳೆಯವರೆಗೆ ಅಳೆದು, ಸರಿಯಾಗಿ ನಡುವೆ ಗುರುತು ಹಾಕಿ, ಅಲ್ಲಿ ತೋಳಿನ ಸುತ್ತಳತೆ ತೆಗೆಯಿರಿ. ಕಫ್ ಒಳಗಿನ ಗಾಳಿಚೀಲದ ಅಗಲ ಆ ಸುತ್ತಳತೆಯ ಕನಿಷ್ಠ 40 ಶೇಕಡ, ಉದ್ದ 80ರಿಂದ 100 ಶೇಕಡ ಇರಬೇಕು. ಇದನ್ನೇ ಸೈಜಿಗೆ ಇಳಿಸಿದರೆ: 22ರಿಂದ 26 ಸೆಂ.ಮೀ. ತೋಳಿಗೆ ಚಿಕ್ಕ ವಯಸ್ಕರ ಕಫ್, 27ರಿಂದ 34ಕ್ಕೆ ಸಾಮಾನ್ಯ, 35ರಿಂದ 44ಕ್ಕೆ ದೊಡ್ಡದು, 45ರ ಮೇಲೆ ಅತಿದೊಡ್ಡದು. ತಯಾರಕರ ಗೆರೆ ಒಂದೆರಡು ಸೆಂ.ಮೀ. ಆಚೀಚೆ ಇರುತ್ತದೆ, ಹಾಗಾಗಿ ಕಫ್ ಮೇಲೆ ಮುದ್ರಿಸಿದ್ದನ್ನು ಓದಿಯೇ ಕೊಳ್ಳಿ. ಬೊಜ್ಜಿರುವ 14 ವರ್ಷದ ಮಗುವಿಗೆ ದೊಡ್ಡವರ ದೊಡ್ಡ ಕಫ್ ಬೇಕಾಗುವುದು ಅಪರೂಪವೇನಲ್ಲ. ಡಬ್ಬದಲ್ಲಿ ಬರುವುದು ಬಹುಪಾಲು ಸಾಮಾನ್ಯ ಸೈಜ್. ಬೇರೆ ಸೈಜನ್ನು ಬಿಡಿಯಾಗಿ ಮಾರದ ಮಾದರಿಯನ್ನು ಉಳಿದೆಲ್ಲ ಚೆನ್ನಾಗಿದ್ದರೂ ಪಕ್ಕಕ್ಕಿಡಿ. ಒಂದು ಕಂಪನಿಯ ಕಫ್ ಇನ್ನೊಂದರ ಯಂತ್ರಕ್ಕೆ ಸಿಕ್ಕಿಸುವುದೂ ಬೇಡ. ಕೊಳವೆ ಕೂತರೂ ಲೆಕ್ಕ ಕೂರುವುದಿಲ್ಲ.

ಕಫ್ ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಎಷ್ಟು? ವಯಸ್ಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅತಿದೊಡ್ಡ ಕಫ್ ಬೇಕಿದ್ದವರಿಗೆ ಸಾಮಾನ್ಯ ಕಫ್ ಕಟ್ಟಿದಾಗ ಮೇಲಿನ ಅಂಕಿ (ಹೃದಯ ಸಂಕುಚಿಸಿದಾಗಿನ ಒತ್ತಡ) ಸರಾಸರಿ 19.5 ಮಿ.ಮೀ. (ಬಿಪಿ ಅಳೆಯುವುದು ಪಾದರಸದ ಮಿ.ಮೀ.ನಲ್ಲಿ) ಹೆಚ್ಚು ಬಂತು. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗಲು ಅಷ್ಟು ಸಾಕು. ಭುಜದ ಕಡೆ ದಪ್ಪಗಿದ್ದು ಮೊಣಕೈ ಕಡೆ ಸಣ್ಣಗಾಗುವ ತೋಳಿನದು ಇನ್ನೊಂದು ತಾಪತ್ರಯ: ನೇರ ಪಟ್ಟಿಯ ಕಫ್ ಕೆಳಗಡೆ ಸಡಿಲವಾಗಿ ನಿಲ್ಲುತ್ತದೆ. ಕೆಳ ಅಂಚಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ತೂರುವಂತಿದ್ದರೆ ಓರೆಯಾಗಿ ಕತ್ತರಿಸಿದ ಕಫ್ ಇರುವ ಮಾದರಿ ಹುಡುಕಿ.

ಇನ್ನು ಬಣ್ಣದ ದೀಪ. ಹಸಿರು, ಹಳದಿ, ಕೆಂಪು ತೋರಿಸುವ ಈ ಸೌಲಭ್ಯ ಹದಿಹರೆಯದವರ ಮಟ್ಟಿಗೆ ನಿರುಪಯೋಗಿ ಮಾತ್ರವಲ್ಲ, ದಾರಿ ತಪ್ಪಿಸುವಂಥದ್ದು. ದೀಪದ ಮಿತಿ ಸಾಮಾನ್ಯವಾಗಿ ವಯಸ್ಕರದ್ದು, ಬಹಳಷ್ಟು ಯಂತ್ರಗಳಲ್ಲಿ 135/85. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2017ರ ಮಾರ್ಗಸೂಚಿಯಂತೆ 13 ತುಂಬಿದವರಿಗೆ 120/80ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಹಜ. ಮೇಲಿನದು 120ರಿಂದ 129 ಇದ್ದು ಕೆಳಗಿನದು 80ರೊಳಗಿದ್ದರೆ ಏರಿದ ಒತ್ತಡ, 130/80ರಿಂದ ಅಧಿಕ ಒತ್ತಡದ ಮೊದಲ ಹಂತ, 140/90ರಿಂದ ಎರಡನೆಯದು. ಅಂದರೆ 132/82 ಬಂದರೂ ದೀಪ ಹಸಿರಾಗಿಯೇ ಉರಿಯಬಹುದು. 13ರ ಒಳಗಿನವರಿಗಂತೂ ವಯಸ್ಸು, ಲಿಂಗ, ಎತ್ತರ ಸೇರಿಸಿದ ಕೋಷ್ಟಕವೇ ಬೇಕು. ಯುರೋಪಿನ 2016ರ ಮಾರ್ಗಸೂಚಿ 16 ತುಂಬಿದವರಿಗೆ ಅಧಿಕ ಒತ್ತಡದ ಮಿತಿಯಾಗಿ 140/90 ಹಿಡಿಯುತ್ತದೆ, ಹಾಗಾಗಿ ನಿಮ್ಮ ವೈದ್ಯರು ಯಾವುದನ್ನು ಅನುಸರಿಸುತ್ತಾರೆಂದು ಕೇಳಿಕೊಳ್ಳಿ. ದೀಪ ಆರಿಸುವ ಆಯ್ಕೆಯಿದ್ದರೆ ಆರಿಸಿಬಿಡಿ.

ನಿಖರತೆಯ ಮಾತು. ಈ ಯಂತ್ರಗಳು ಕಫ್‌ನಲ್ಲಿನ ಮಿಡಿತದ ಅಲೆ ಹಿಡಿದು ಸರಾಸರಿ ಒತ್ತಡ ಕಂಡುಕೊಳ್ಳುತ್ತವೆ, ಮೇಲಿನ ಕೆಳಗಿನ ಎರಡೂ ಅಂಕಿಗಳನ್ನು ತಮ್ಮದೇ ಸೂತ್ರದಿಂದ ಲೆಕ್ಕ ಹಾಕುತ್ತವೆ. ಸೂತ್ರ ಗುಟ್ಟಿನದ್ದು, ಆದ್ದರಿಂದ ಸ್ವತಂತ್ರ ಪರೀಕ್ಷೆ ಮುಖ್ಯ. ಬಿಪಿ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 81060-2ರ ಪರೀಕ್ಷೆಯಲ್ಲಿ 12 ದಾಟಿದವರು ದೊಡ್ಡವರ ಗುಂಪಿಗೇ ಸೇರುತ್ತಾರೆ. 3ರಿಂದ 12ರವರಿಗೆ ಬೇರೆ ಪರೀಕ್ಷೆ. ಪಾಸಾದ ಮಾದರಿಗಳ ಪಟ್ಟಿ ಸ್ಟ್ರೈಡ್ ಬಿಪಿ ಜಾಲತಾಣದಲ್ಲಿ ಸಿಗುತ್ತದೆ. ಮಾದರಿ ಸಂಖ್ಯೆ ಅಕ್ಷರಶಃ ತಾಳೆಯಾಗಬೇಕು.

ಬಳಸುವಾಗ: ಅರ್ಧ ಗಂಟೆ ಮೊದಲಿನಿಂದ ಕಾಫಿ, ಎನರ್ಜಿ ಡ್ರಿಂಕ್, ಆಟ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಫೋನಿಲ್ಲದೆ ಕೂರಬೇಕು (ಈ ವಯಸ್ಸಿನಲ್ಲಿ ಕಷ್ಟದ ಭಾಗ ಇದೇ). ಬಲತೋಳೇ ಆಗಲಿ, ಏಕೆಂದರೆ ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಹುಟ್ಟಿನಿಂದಲೇ ಕಿರಿದಾಗಿದ್ದರೆ ಎಡತೋಳು ಸುಳ್ಳಾಗಿ ಕಡಿಮೆ ತೋರಿಸಬಹುದು. ತೋಳು ಹೃದಯದ ಮಟ್ಟದಲ್ಲಿರಲಿ: 10 ಸೆಂ.ಮೀ. ಕೆಳಗೆ ಜೋತರೆ ಹತ್ತಿರ ಹತ್ತಿರ 8 ಮಿ.ಮೀ. ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡು ರೀಡಿಂಗ್, ಬೆಳಿಗ್ಗೆ ಮತ್ತು ಸಂಜೆ, 7 ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ.

'ಅನಿಯಮಿತ ಮಿಡಿತ' ಚಿಹ್ನೆ ಕಂಡು ಎಷ್ಟೋ ಮನೆಯವರು ಹೆದರುತ್ತಾರೆ. ಉಸಿರೆಳೆದಾಗ ನಾಡಿ ವೇಗವಾಗಿ, ಬಿಟ್ಟಾಗ ನಿಧಾನವಾಗುವುದು ಈ ವಯಸ್ಸಿನಲ್ಲಿ ಸಹಜ, ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮತ್ತೆ ಮತ್ತೆ ಬಂದರೆ, ಅಥವಾ ತಲೆಸುತ್ತು, ಎದೆನೋವು ಜೊತೆಗಿದ್ದರೆ ಇಸಿಜಿ ಮಾಡಿಸಿ.

ಯಂತ್ರದಿಂದ ಆಗದ ಕೆಲಸ ರೋಗನಿರ್ಣಯ. ಅದಕ್ಕೆ ಮೂರು ಬೇರೆ ಬೇರೆ ಭೇಟಿಗಳಲ್ಲಿ ಸ್ಟೆತಸ್ಕೋಪಿಟ್ಟು ಅಳೆದ ಅಂಕಿ, ಸಾಧ್ಯವಾದರೆ 24 ಗಂಟೆ ಕಟ್ಟಿಡುವ ಯಂತ್ರ ಬೇಕು. ಬೊಜ್ಜಿರುವವರಲ್ಲಿ ರಾತ್ರಿ ಇಳಿಯಬೇಕಾದ ಒತ್ತಡ ಇಳಿಯದೆ ಉಳಿಯುವುದು ಅದರಲ್ಲಷ್ಟೇ ಸಿಗುತ್ತದೆ. ಹೃದಯದ ಎಡ ಕೋಣೆಯ ಗೋಡೆ ದಪ್ಪಗಾಗಿದೆಯೇ ಎಂಬುದು ಎಕೋದಲ್ಲೇ (ಹೃದಯದ ಅಲ್ಟ್ರಾಸೌಂಡ್) ಗೊತ್ತಾಗಬೇಕು. ಆದರೆ ಚಿಕಿತ್ಸೆ ಶುರುವಾದ ಮೇಲೆ ಒತ್ತಡ 130/80ರ ಕೆಳಗೆ ನಿಂತಿದೆಯೇ ಎಂದು ಗಮನಿಸಲು ಮನೆಯ ಯಂತ್ರಕ್ಕಿಂತ ಅನುಕೂಲದ್ದು ಬೇರಿಲ್ಲ. 180/120 ದಾಟಿದರೆ ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಹಾಗೆಯೇ ಇದ್ದರೆ ನೇರ ಆಸ್ಪತ್ರೆಗೆ. ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಇದ್ದರೆ ಎರಡನೇ ರೀಡಿಂಗಿಗೂ ಕಾಯಬೇಡಿ.

ವರ್ಷಕ್ಕೊಮ್ಮೆ ಯಂತ್ರವನ್ನೇ ಕ್ಲಿನಿಕ್‌ಗೆ ಒಯ್ದು ಅಲ್ಲಿನ ಅಳತೆಯೊಂದಿಗೆ ಹೋಲಿಸಿ. ಮೇಲಿನ ಅಂಕಿಯಲ್ಲಿ 5 ಮಿ.ಮೀ. ಒಳಗಿನ ವ್ಯತ್ಯಾಸ ಸರಿ, 10 ದಾಟಿದರೆ ಬದಲಿಸಿ. ಅದಕ್ಕೂ ಮುಂಚೆ ತೋಳನ್ನು ಮತ್ತೊಮ್ಮೆ ಅಳೆಯಿರಿ: ಬೆಳೆಯುವ ವಯಸ್ಸು, ಹೋದ ವರ್ಷದ ಕಫ್ ಈಗ ಚಿಕ್ಕದಾಗಿರಬಹುದು.